ಕೋರ್ಟು ಮೆಟ್ಟಿಲೇರಿದ ಪದಬಂಧ

ನಾಲ್ಕು ಮನೆಗಳಿವೆ. ಕೊನೆಯ ಮೂರರಲ್ಲಿ ಓ, ಓ, ಎಲ್ ಎಂಬ ಇಂಗ್ಲಿಷ್ ಅಕ್ಷರಗಳು ಕೂತಿವೆ, ಮೊದಲನೆಯದು ಖಾಲಿ. ಅಲ್ಲಿ ಸಿ ಇಟ್ಟರೆ ಕೂಲ್, ಎಫ್ ಇಟ್ಟರೆ ಫೂಲ್, ಪಿ ಇಟ್ಟರೆ ಪೂಲ್. ಟೂಲ್ ಆಗಬಹುದು, ವೂಲ್ ಕೂಡ ಆಗಬಹುದು. ರವಿವಾರದ ಬೆಳಿಗ್ಗೆ ಚಹಾ ಆರುವವರೆಗೂ ಇಂಥ ಖಾಲಿ ಮನೆಯ ಮುಂದೆ ಪೆನ್ಸಿಲ್ ಕಚ್ಚಿಕೊಂಡು ಕೂರುವವರು ನಮ್ಮ ಸಂಘದ ಸದಸ್ಯರಲ್ಲಿ ಕಡಿಮೆಯೇನಿಲ್ಲ. ನಾವೂ ಆ ಪಂಗಡದವರೇ. ಆದರೆ ಈ ನಿರುಪದ್ರವಿ ಚಟ ಒಂದು ಕಾಲಕ್ಕೆ ಬೆಂಗಳೂರಿಗೂ ಮುಂಬಯಿಗೂ ನಡುವೆ ದೊಡ್ಡ ವ್ಯಾಜ್ಯ ಹುಟ್ಟಿಸಿ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತೆಂಬುದು ಬಹುಮಂದಿಗೆ ತಿಳಿದಿರಲಾರದು.

ಪದಬಂಧ ಬಹಳ ಹಳೆಯದೇನಲ್ಲ. 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬವರು ವಜ್ರಾಕಾರದ ಒಂದು ಚೌಕಟ್ಟನ್ನು ಪ್ರಕಟಿಸಿದರು. ಅದೇ ಇದರ ಮೂಲಪುರುಷ. 1924ರಲ್ಲಿ ಅಮೆರಿಕದಲ್ಲಿ ಪದಬಂಧಗಳ ಮೊದಲ ಪುಸ್ತಕ ಬಂದಿತು, ಹುಚ್ಚು ಊರೂರಿಗೆ ಹಬ್ಬಿತು.

ಅಕ್ಷರ ಕೊಟ್ಟು ಶಬ್ದ ಹುಡುಕು ಎಂದರೆ ನಿಘಂಟು ನೆರವಿಗೆ ಬರುವುದಿಲ್ಲ. ನಿಘಂಟಿನ ಜೋಡಣೆ ಮೊದಲಕ್ಷರದಿಂದ. ನಮಗೆ ತಿಳಿದಿರುವುದು ಕೊನೆಯ ಅಕ್ಷರಗಳು. ಕಚೇರಿಯಲ್ಲಿ ಟಪಾಲು ರಿಜಿಸ್ಟರು ತಾರೀಖಿನ ಪ್ರಕಾರ ಇರುತ್ತದೆ. 'ಕುಲಕರ್ಣಿಯವರ ಅರ್ಜಿ ಯಾವಾಗ ಬಂತು?' ಎಂದು ಸಾಹೇಬರು ಕೇಳಿದರೆ ಇಡೀ ವರ್ಷದ ಹಾಳೆ ತಿರುವಬೇಕು. ಅದೇ ಅವಸ್ಥೆ ಇಲ್ಲಿಯೂ. ಲಂಡನ್ನಿನ ಜಾನ್ ವಾಕರ್ ಎಂಬವರು 1775ರಷ್ಟು ಹಿಂದೆಯೇ ಕೊನೆಯ ಅಕ್ಷರದಿಂದ ಹಿಮ್ಮುಖವಾಗಿ ಜೋಡಿಸಿದ ನಿಘಂಟೊಂದನ್ನು ಹೊರತಂದಿದ್ದರು. ಪ್ರಾಸ ಹುಡುಕುವ ಕವಿಗಳಿಗೆಂದು ಮಾಡಿದ್ದು, ಪದಬಂಧದವರಿಗೂ ಅನುಕೂಲವಾಯಿತು. ಅದಿಲ್ಲದವರು ಖಾಲಿ ಮನೆಗೆ ಇಪ್ಪತ್ತಾರು ಅಕ್ಷರವನ್ನೂ ಒಂದೊಂದಾಗಿ ಹಚ್ಚಿ ನೋಡಬೇಕು. ಎರಡು ಮನೆ ಖಾಲಿಯಿದ್ದರೆ 676 ಸಲ, ಮೂರಿದ್ದರೆ 17,576 ಸಲ. ಈಗ ಕಂಪ್ಯೂಟರು ಕಣ್ಣು ಮಿಟುಕಿಸುವುದರೊಳಗೆ ಮಾಡಿ ಕೊಡುತ್ತದೆ, ಬಿಡಿ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಮ್ಮ ದೇಶದಲ್ಲಿ ಹಬ್ಬಿದ್ದು ಬರಿಯ ಪದಬಂಧವಲ್ಲ, ಬಹುಮಾನದ ಪದಬಂಧ. ಪ್ರವೇಶ ಶುಲ್ಕ ಕಟ್ಟಿ, ಕೂಪನ್ ತುಂಬಿ ಕಳಿಸಬೇಕು. ಇದರಲ್ಲಿ ದೊಡ್ಡ ಹೆಸರು ಆರ್.ಎಂ.ಡಿ.ಸಿ. ಕ್ರಾಸ್‌ವರ್ಡ್ಸ್. ಆರ್.ಎಂ.ಡಿ. ಚಮಾರ್‌ಬಾಗ್‌ವಾಲಾ ಅವರ ಕಂಪನಿ ಮೈಸೂರು ಸಂಸ್ಥಾನದಲ್ಲಿ ನೋಂದಣಿಯಾಗಿತ್ತು, ಕಚೇರಿ ಬೆಂಗಳೂರಿನಲ್ಲಿ. ಸ್ಪರ್ಧೆ ಪ್ರಕಟವಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ವಾರಪತ್ರಿಕೆಯೂ ಬೆಂಗಳೂರಿನದೇ. ಆದರೆ ಮುಂಬಯಿ ರಾಜ್ಯದಲ್ಲಿ ಅದಕ್ಕೆ ಭಾರಿ ಪ್ರಸಾರವಿತ್ತು. ಕೂಪನ್ನು, ಹಣ ಒಟ್ಟುಮಾಡುವ ಡಿಪೋಗಳೂ ಇಲ್ಲಿದ್ದವು. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಎಲ್ಲ ಮುಂಬಯಿ ರಾಜ್ಯವೇ ಎಂಬುದನ್ನು ನೆನಪಿಡಬೇಕು.

ಮುಂಬಯಿಯ 1948ರ ಕಾನೂನಿನಲ್ಲಿ ಹೊರಗೆ ಅಚ್ಚಾಗುವ ಪತ್ರಿಕೆಗಳ ಸ್ಪರ್ಧೆಗೆ ವಿನಾಯಿತಿ ಇತ್ತು. 1952ರಲ್ಲಿ ಅದನ್ನು ತೆಗೆದು ಲೈಸೆನ್ಸು, ತೆರಿಗೆ ಎರಡನ್ನೂ ಹೇರಿದರು. ಕಂಪನಿ ಕೋರ್ಟಿಗೆ ಹೋಯಿತು. ಹೈಕೋರ್ಟಿನಲ್ಲಿ ಕಂಪನಿಯ ಕೈ ಮೇಲಾಗಿ, ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಈ ನಡುವೆ 1955ರಲ್ಲಿ ಕೇಂದ್ರವೂ ಒಂದು ಕಾನೂನು ತಂದಿತು: ತಿಂಗಳಿಗೆ ಒಟ್ಟು ಬಹುಮಾನ ಒಂದು ಸಾವಿರ ರೂಪಾಯಿ ಮೀರಬಾರದು, ಕೂಪನ್ನುಗಳು ಎರಡು ಸಾವಿರ ಮೀರಬಾರದು. ಅಕ್ಷರಗಳನ್ನು ಕೂಡಿಸುವ, ಜೋಡಿಸುವ, ಅದಲುಬದಲು ಮಾಡುವ ಸಮಸ್ಯೆಗಳೆಲ್ಲ ಆ ಕಾನೂನಿನ ವ್ಯಾಖ್ಯೆಯಲ್ಲಿ ಬಂದುಬಿಟ್ಟವು! ಇದನ್ನೂ ಕಂಪನಿ ಪ್ರಶ್ನಿಸಿತು.

ನ್ಯಾಯಾಧೀಶರ ಮುಂದಿದ್ದ ಮುಖ್ಯ ಪ್ರಶ್ನೆ: ಇದು ಬುದ್ಧಿಯ ಕೆಲಸವೋ, ಜೂಜೋ? ನಾವೇ ಒಂದು ಉದಾಹರಣೆ ಕಟ್ಟುತ್ತೇವೆ. ಸುಳಿವು ಹೀಗಿದೆಯೆನ್ನಿ: 'ಮುಂಗೋಪಿ ಯಜಮಾನನ ಕೈಕೆಳಗೆ ಬಹುಕಾಲ ಉಳಿಯುವವನು ಇಂಥವನೇ.' ಉತ್ತರ ಕೂಲ್ ಎನ್ನೋಣವೆ, ಫೂಲ್ ಎನ್ನೋಣವೆ? ಎರಡಕ್ಕೂ ಸಮರ್ಥನೆಯುಂಟು; ಇಪ್ಪತ್ತು ವರ್ಷ ಸರ್ಕಾರಿ ನೌಕರಿ ಮಾಡಿದ ನಮಗೇ ನಿರ್ಧರಿಸಲಾಗದು. ಅಕ್ಷರ ನೋಡಿ ಐದಾರು ಶಬ್ದ ಹೊಳೆಯಿಸಿಕೊಳ್ಳುವುದು, ಅವುಗಳಲ್ಲಿ ಎರಡನ್ನು ಉಳಿಸಿಕೊಳ್ಳುವುದು ಜಾಣತನವೇ ಸರಿ. ಆ ಎರಡರಲ್ಲಿ ಯಾವುದು ಸಂಪಾದಕರ ಬಳಿಯ ಉತ್ತರದೊಡನೆ ಹೊಂದುತ್ತದೆಂಬುದು ಮಾತ್ರ ಅದೃಷ್ಟ. ಒಂದು ಚೌಕಟ್ಟಿನಲ್ಲಿ ಇಂಥ ಹತ್ತು ಜಾಗಗಳಿದ್ದರೆ 1,024 ಬಗೆಯಲ್ಲಿ ತುಂಬಬಹುದು. ಹದಿನೈದಿದ್ದರೆ 32,768. ಕೂಪನ್ನಿಗೆ ನಾಲ್ಕಾಣೆ ಎಂದಿಟ್ಟುಕೊಂಡರೂ ಎಲ್ಲವನ್ನೂ ಕಳಿಸಲು 8,192 ರೂಪಾಯಿ ಬೇಕು. ಅಂದಿನ ಗುಮಾಸ್ತನ ಹಲವು ವರ್ಷದ ಸಂಬಳ!

1957ರ ಏಪ್ರಿಲ್ 9ರಂದು ಎರಡೂ ಮೊಕದ್ದಮೆಗಳ ತೀರ್ಪು ಬಂದಿತು. ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರು ಋಗ್ವೇದದ ಜೂಜುಗಾರನ ಪ್ರಲಾಪದಿಂದ ಹಿಡಿದು ಮಹಾಭಾರತ, ಮನುವಿನವರೆಗೆ ಸ್ಮರಿಸಿ, ಜೂಜು ವ್ಯಾಪಾರವೇ ಅಲ್ಲ, ಅದಕ್ಕೆ ಸಂವಿಧಾನದ ರಕ್ಷಣೆಯಿಲ್ಲ ಎಂದರು. ಸಂಪಾದಕರ ಉತ್ತರಕ್ಕೆ ಸರಿಹೊಂದುವುದು ಆಕಸ್ಮಿಕವೆಂದು ಕಂಡು ಈ ಸ್ಪರ್ಧೆಯನ್ನು ಜೂಜಿಗೇ ಸೇರಿಸಿದರು. ಇನ್ನೊಂದು ತೀರ್ಪಿನಲ್ಲಿ ನ್ಯಾಯಮೂರ್ತಿ ವೆಂಕಟರಾಮ ಅಯ್ಯರ್ ಅವರು, ಗೆಲುವು ಬಹುಮಟ್ಟಿಗೆ ಕೌಶಲವನ್ನು ಅವಲಂಬಿಸಿರುವ ಸ್ಪರ್ಧೆಗಳಿಗೆ 1955ರ ಕಾನೂನು ತಾಗುವುದಿಲ್ಲವೆಂದು ಬಿಡಿಸಿ ಹೇಳಿದರು. ನಮಗೆ ಎರಡನೆಯದೇ ಹೆಚ್ಚು ಬೆಲೆಯುಳ್ಳದ್ದೆನಿಸುತ್ತದೆ. ಮುಂದೆ 1996ರಲ್ಲಿ ಕುದುರೆ ಪಂದ್ಯದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ತೀರ್ಪುಗಳನ್ನೇ ಆಧರಿಸಿತು.

ನಮ್ಮ ಅಜ್ಜನವರು ಆಗ ಧಾರವಾಡದಲ್ಲಿ ಶಾಲಾ ಮಾಸ್ತರರು. ಯಾವ ಪತ್ರಿಕೆಯ ಸ್ಪರ್ಧೆಗೆ ಕಳಿಸುತ್ತಿದ್ದರೋ, ಹೆಸರು ಬೇಡ. ಸಂಬಳದ ದಿನ ದಿನಸಿಗಿಂತ ಮೊದಲು ಕೂಪನ್ನಿನ ಹಣ ತೆಗೆದಿಡುತ್ತಿದ್ದರಂತೆ. ಒಂದು ಯುಗಾದಿಯ ಹೊತ್ತಿಗೆ ಅಜ್ಜಿಯ ಪಾಟ್ಲಿಗಳು ಒತ್ತೆ ಹೋದವು, ಬಿಡಿಸಿಕೊಳ್ಳಲಾಗಲಿಲ್ಲ. ನಾವು ಚಿಕ್ಕವರಿದ್ದಾಗ ಅಜ್ಜಿ ಬರಿಗೈ ತೋರಿಸಿ, "ನಿಮ್ಮ ಅಜ್ಜಾರಿಗೆ ಶಬ್ದ ಭಾಳ ಸಿಗತಿದ್ದವು, ರೊಕ್ಕ ಒಮ್ಮೆನೂ ಸಿಗಲಿಲ್ಲ" ಎನ್ನುತ್ತಿದ್ದರು. ಹೇಳುವಾಗ ನಗುತ್ತಿದ್ದರು, ಆದರೆ ಅಜ್ಜನವರು ಆ ಮಾತು ಬಂದರೆ ಎದ್ದು ಹೊರಗಿನ ಕಟ್ಟೆಗೆ ಹೋಗಿ ಕೂರುತ್ತಿದ್ದರು.

ಅವರು ಕೊಂಡ ಇಂಗ್ಲಿಷ್ ನಿಘಂಟು ಈಗ ಡೊಂಬಿವಲಿಯ ನಮ್ಮ ಮನೆಯಲ್ಲಿದೆ. ಹೊಲಿಗೆ ಬಿಚ್ಚಿದೆ. ಹಿಂಬದಿಯ ಖಾಲಿ ಹಾಳೆಗಳಲ್ಲಿ ಅವರದೇ ಕೈಬರಹದ ಪಟ್ಟಿಗಳಿವೆ: ಕೊನೆಯ ಅಕ್ಷರದ ಪ್ರಕಾರ ಜೋಡಿಸಿದ ನಾಲ್ಕಕ್ಷರದ ಶಬ್ದಗಳು, ಎಲ್‌ನಿಂದ ಮುಗಿಯುವವು ಒಂದು ಕಡೆ, ಟಿಯಿಂದ ಮುಗಿಯುವವು ಇನ್ನೊಂದು ಕಡೆ. ವಾಕರ್ ಸಾಹೇಬರ ಹೆಸರು ಕೇಳದೆಯೇ ಧಾರವಾಡದ ಮಾಸ್ತರರೊಬ್ಬರು ಚಿಮಣಿ ದೀಪದಲ್ಲಿ ಕೂತು ಅದೇ ಕೆಲಸವನ್ನು ಮತ್ತೊಮ್ಮೆ ಮಾಡಿದ್ದರು. ಮಗಳು ಪದಬಂಧ ಬಿಡಿಸುವಾಗ ಈಗಲೂ ಅದನ್ನು ತೆಗೆದು ನೋಡುತ್ತಾಳೆ.