ಸೊಂಟನೋವಿಗೆ ಯಾವ ವ್ಯಾಯಾಮ? – ಒಂದು ಹೋಲಿಕೆಯ ಚರಿತ್ರೆ

ಕರಿಹಲಗೆಯ ಮುಂದೆ ದಿನವಿಡೀ ನಿಂತು ಪಾಠ ಹೇಳುವ ಅಧ್ಯಾಪಕರಿಗೆ ಸೊಂಟನೋವಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ನೋವು ಕಾಣಿಸಿಕೊಂಡವರಿಗೆ ಸಲಹೆಗಳಿಗೂ ಬರವಿಲ್ಲ. ‘ಮುಂದಕ್ಕೆ ಬಗ್ಗಲೇ ಬೇಡಿ’ ಎಂದು ಒಬ್ಬರು ಹೇಳಿದರೆ, ‘ಅಂಗಾತ ಮಲಗಿ ಮೊಣಕಾಲುಗಳನ್ನು ಎದೆಗೆ ಒತ್ತಿಕೊಳ್ಳಿ’ ಎಂದು ಇನ್ನೊಬ್ಬರು ಹೇಳುತ್ತಾರೆ. ಭುಜಂಗಾಸನ ಮಾಡಿ ಎನ್ನುವವರಿದ್ದಾರೆ, ಹೊಟ್ಟೆಯ ಸ್ನಾಯುಗಳನ್ನು ಗಟ್ಟಿಮಾಡಿಕೊಳ್ಳಿ ಎನ್ನುವವರಿದ್ದಾರೆ, ಬರೀ ನಡೆದರೆ ಸಾಕು ಎನ್ನುವವರೂ ಇದ್ದಾರೆ. ಇವುಗಳಲ್ಲಿ ಕೆಲವು ಒಂದಕ್ಕೊಂದು ನೇರ ವಿರುದ್ಧ. ಆದರೂ ಪ್ರತಿಯೊಂದರಿಂದಲೂ ಗುಣವಾಯಿತೆಂದು ಹೇಳುವ ಜನ ಸಿಗುತ್ತಾರೆ! ಇದು ಹೇಗೆ ಸಾಧ್ಯ?

ಈ ಪ್ರಶ್ನೆಗೆ ಉತ್ತರ ಹುಡುಕಲು ವೈದ್ಯವಿಜ್ಞಾನಕ್ಕೆ ಹಲವು ದಶಕಗಳೇ ಬೇಕಾದವು. ಪ್ರಶ್ನೆ ಸಣ್ಣದಲ್ಲ. 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನ ಸೊಂಟನೋವಿನಿಂದ ಬಳಲುತ್ತಿದ್ದರೆಂದು ಅಂದಾಜು. ಮೂರು ತಿಂಗಳು ದಾಟಿದ ನೋವನ್ನು ‘ದೀರ್ಘಕಾಲಿಕ’ ಎನ್ನುತ್ತಾರೆ. ಇಂಥವರಲ್ಲಿ ಬಹುಪಾಲು ಮಂದಿಗೆ ನೋವಿನ ನಿಖರ ಮೂಲ ಇಂತಹ ಎಲುಬಿನಲ್ಲೋ ಇಂತಹ ನರದಲ್ಲೋ ಇದೆ ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಿ.

ಡಿಸ್ಕ್ ಅಪರಾಧಿಯಾಯಿತು

ನಮ್ಮ ಸೊಂಟದ ಭಾಗದಲ್ಲಿ ಐದು ಕಶೇರುಮಣಿಗಳಿವೆ. ಒಂದು ಮಣಿಗೂ ಇನ್ನೊಂದಕ್ಕೂ ನಡುವೆ ಮೆತ್ತೆಯಂತಿರುವ ಬಿಲ್ಲೆಯೇ ಡಿಸ್ಕ್. ಹೊರಗೆ ಗಟ್ಟಿಯಾದ ನಾರಿನ ಉಂಗುರ, ಒಳಗೆ ಲೋಳೆಯಂಥ ತಿರುಳು. 1934ರಲ್ಲಿ ಅಮೆರಿಕದ ಬಾಸ್ಟನ್ ನಗರದ ಮಿಕ್ಸ್ಟರ್ ಮತ್ತು ಬಾರ್ ಎಂಬ ಶಸ್ತ್ರವೈದ್ಯರು, ಈ ಉಂಗುರ ಹರಿದು ಹೊರಚಾಚಿದ ತಿರುಳು ನರದ ಬೇರನ್ನು ಒತ್ತುತ್ತದೆ, ಅದರಿಂದ ಕಾಲಿಗೆ ನೋವು ಹರಿಯುತ್ತದೆ ಎಂದು ತೋರಿಸಿದರು. ಅದು ಮಹತ್ವದ ಶೋಧವೇ. ಆದರೆ ಅಲ್ಲಿಂದ ಮುಂದೆ ಸೊಂಟದಲ್ಲಿ ಎಲ್ಲಿ ನೋವು ಬಂದರೂ ಡಿಸ್ಕಿನ ಮೇಲೆಯೇ ಅನುಮಾನ ಬೀಳತೊಡಗಿತು.

ಮೂರು ವರ್ಷಗಳ ನಂತರ, 1937ರಲ್ಲಿ, ಟೆಕ್ಸಾಸಿನ ಮೂಳೆವೈದ್ಯ ಪಾಲ್ ವಿಲಿಯಮ್ಸ್ ಒಂದು ವ್ಯಾಯಾಮಕ್ರಮವನ್ನು ಪ್ರಕಟಿಸಿದ. ಅವನ ತರ್ಕ ಸರಳ. ಸೊಂಟದ ಬಳಿ ಬೆನ್ನು ಸಹಜವಾಗಿಯೇ ಒಳಕ್ಕೆ ಬಾಗಿದೆ. ಈ ಬಾಗು ಹೆಚ್ಚಾದರೆ ಡಿಸ್ಕಿನ ಹಿಂಭಾಗವೂ ನರಗಳು ಹೊರಬರುವ ಕಿಂಡಿಗಳೂ ಇಕ್ಕಟ್ಟಾಗುತ್ತವೆ. ಆದ್ದರಿಂದ ಬಾಗನ್ನು ನೇರಗೊಳಿಸಬೇಕು. ಅಂದರೆ ಮುಂದಕ್ಕೆ ಬಾಗುವ ವ್ಯಾಯಾಮಗಳನ್ನು ಮಾಡಬೇಕು.

1956ರಲ್ಲಿ ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ ಇದಕ್ಕೆ ತದ್ವಿರುದ್ಧವಾದ ಘಟನೆಯೊಂದು ನಡೆಯಿತು. ರಾಬಿನ್ ಮೆಕೆಂಜಿ ಎಂಬ ಭೌತಚಿಕಿತ್ಸಕನ ಬಳಿಗೆ ಬಂದ ರೋಗಿಯೊಬ್ಬ, ತಲೆಯ ಕಡೆ ಎತ್ತರಿಸಿಟ್ಟಿದ್ದ ಮಂಚದ ಮೇಲೆ ಬೋರಲಾಗಿ ಮಲಗಿಬಿಟ್ಟ. ಬೆನ್ನು ಹಿಂದಕ್ಕೆ ಬಾಗಿದ ಆ ಭಂಗಿ ಆಗಿನ ತಿಳಿವಳಿಕೆಯ ಪ್ರಕಾರ ಅಪಾಯಕರ. ಕೆಲವು ನಿಮಿಷಗಳ ನಂತರ ಮೆಕೆಂಜಿ ಬಂದು ನೋಡಿದರೆ, ವಾರಗಳಿಂದ ಕಾಡುತ್ತಿದ್ದ ಕಾಲುನೋವು ಹೋಗಿತ್ತು! ಈ ಅನುಭವದಿಂದ ಹೊರಟ ಮೆಕೆಂಜಿ, ಯಾವ ದಿಕ್ಕಿನ ಚಲನೆಯಿಂದ ನೋವು ಕಾಲಿನಿಂದ ಹಿಂಜರಿದು ಬೆನ್ನಿನ ಕಡೆಗೆ ಸರಿಯುತ್ತದೆಯೋ ಅದೇ ದಿಕ್ಕಿನ ವ್ಯಾಯಾಮ ಕೊಡುವ ಪದ್ಧತಿಯನ್ನು ರೂಪಿಸಿದ. ಅನೇಕರಿಗೆ ಅದು ಹಿಂದಕ್ಕೆ ಬಾಗುವ ದಿಕ್ಕಾಗಿತ್ತು. ಅವನ ಪುಸ್ತಕ 1981ರಲ್ಲಿ ಹೊರಬಂದು ಜಗತ್ತಿನಾದ್ಯಂತ ಹರಡಿತು.

ಒತ್ತಡ ಅಳೆದವರು

ಇದೇ ಕಾಲದಲ್ಲಿ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಇನ್ನೊಂದು ದಾರಿ ಹಿಡಿದ. 1960ರ ದಶಕದಲ್ಲಿ ಆತ ಬದುಕಿರುವ ಮನುಷ್ಯರ ಡಿಸ್ಕಿನೊಳಕ್ಕೆ ಸೂಜಿ ತೂರಿಸಿ ಒತ್ತಡವನ್ನು ಅಳೆದ. ಮಲಗಿದಾಗ ಕಡಿಮೆ, ನಿಂತಾಗ ಹೆಚ್ಚು, ಕುಳಿತಾಗ ಇನ್ನೂ ಹೆಚ್ಚು ಎಂಬ ಅವನ ಫಲಿತಾಂಶಗಳು ಪಠ್ಯಪುಸ್ತಕಗಳನ್ನು ಸೇರಿದವು. 1999ರಲ್ಲಿ ಜರ್ಮನಿಯ ವಿಲ್ಕೆ ಮತ್ತು ಸಂಗಡಿಗರು ಒಬ್ಬ ಸ್ವಯಂಸೇವಕನಲ್ಲಿ ಹೊಸ ಉಪಕರಣದಿಂದ ಮತ್ತೆ ಅಳೆದರು. ಮಲಗಿದಾಗ ಸುಮಾರು 0.1 ಮೆಗಾಪ್ಯಾಸ್ಕಲ್, ನಿಂತಾಗ 0.5, ಸಡಿಲವಾಗಿ ಕುಳಿತಾಗ 0.46. ಕುಳಿತಾಗ ಒತ್ತಡ ಹೆಚ್ಚೆಂಬ ಮಾತು ಇಲ್ಲಿ ನಿಲ್ಲಲಿಲ್ಲ.

ಒತ್ತಡದ ಅಳತೆ ಎಷ್ಟೇ ನಿಖರವಾಗಿದ್ದರೂ ಅದು ನೋವಿನ ಅಳತೆಯಲ್ಲ ಎಂಬುದನ್ನು ಗಮನಿಸಿ. 1994ರಲ್ಲಿ ಅಮೆರಿಕದ ಸಂಶೋಧಕರು ಬೆನ್ನುನೋವೇ ಇಲ್ಲದ 98 ಜನರನ್ನು ಎಂ.ಆರ್.ಐ. ಯಂತ್ರದಲ್ಲಿ ಪರೀಕ್ಷಿಸಿದರು. ಎಲ್ಲ ಡಿಸ್ಕುಗಳೂ ಸರಿಯಾಗಿದ್ದವರು ಶೇಕಡ 36 ಮಂದಿ ಮಾತ್ರ! ಉಳಿದವರಲ್ಲಿ ಒಂದಲ್ಲ ಒಂದು ಕಡೆ ಡಿಸ್ಕ್ ಉಬ್ಬಿತ್ತು ಇಲ್ಲವೇ ಹೊರಚಾಚಿತ್ತು. ಚಿತ್ರದಲ್ಲಿ ಕಂಡ ದೋಷವೇ ನೋವಿಗೆ ಕಾರಣ ಎಂದು ಹೇಳುವುದು ಇನ್ನು ಸುಲಭವಾಗಿರಲಿಲ್ಲ.

ಹಾಸಿಗೆ ಬಿಟ್ಟೇಳಿ

ಬೆನ್ನುನೋವಿಗೆ ವಿಶ್ರಾಂತಿಯೇ ಮದ್ದು ಎಂಬ ನಂಬಿಕೆ ಬಹುಕಾಲದಿಂದ ಬೇರೂರಿತ್ತು. 1986ರಲ್ಲಿ ರಿಚರ್ಡ್ ಡೇಯೊ ಮತ್ತು ಸಂಗಡಿಗರು 203 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎರಡು ದಿನ, ಇನ್ನೊಂದಕ್ಕೆ ಏಳು ದಿನ ಮಲಗಿರಲು ಹೇಳಿದರು. ಎರಡು ದಿನದವರು ಕೆಲಸಕ್ಕೆ ತಪ್ಪಿಸಿಕೊಂಡ ದಿನಗಳು ಶೇಕಡ 45ರಷ್ಟು ಕಡಿಮೆ, ಗುಣವಾಗುವುದರಲ್ಲಿ ವ್ಯತ್ಯಾಸವಿರಲಿಲ್ಲ. 1995ರಲ್ಲಿ ಹೆಲ್ಸಿಂಕಿಯ 186 ನೌಕರರ ಮೇಲೆ ನಡೆದ ಪ್ರಯೋಗದಲ್ಲಿ, ಮಲಗಿದವರಿಗಿಂತಲೂ ವಿಶೇಷ ವ್ಯಾಯಾಮ ಮಾಡಿದವರಿಗಿಂತಲೂ ದಿನನಿತ್ಯದ ಕೆಲಸವನ್ನು ಆದಷ್ಟು ಮುಂದುವರಿಸಿದವರೇ ಬೇಗ ಚೇತರಿಸಿಕೊಂಡರು. ಇವು ಹೊಸದಾಗಿ ಬಂದ ನೋವಿನ ಪ್ರಯೋಗಗಳು, ನಿಜ. ಆದರೆ ಅಲುಗಾಡಿದರೆ ಬೆನ್ನು ಕೆಡುತ್ತದೆ ಎಂಬ ಭಯಕ್ಕೆ ಇವು ಕೊಟ್ಟ ಪೆಟ್ಟು ದೊಡ್ಡದು.

ಆಳದ ಸ್ನಾಯು

1996ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನ್‌ನಲ್ಲಿ ಹಾಜಸ್ ಮತ್ತು ರಿಚರ್ಡ್‌ಸನ್ ಮತ್ತೊಂದು ಸುಳಿವು ಕಂಡರು. ನೀವು ಥಟ್ಟನೆ ತೋಳೆತ್ತಿದಾಗ, ತೋಳಿನ ಸ್ನಾಯುವಿಗೂ ಮುಂಚೆ ಹೊಟ್ಟೆಯ ಆಳದಲ್ಲಿರುವ ಅಡ್ಡಸ್ನಾಯು ಬಿಗಿಯುತ್ತದೆ. ಬೆನ್ನೆಲುಬಿಗೆ ಮುಂಗಡವಾಗಿ ಆಸರೆ ಕೊಡುತ್ತದೆ. ಬೆನ್ನುನೋವಿನ ಇತಿಹಾಸವಿದ್ದ 15 ಜನರಲ್ಲಿ ಈ ಬಿಗಿತ ತಡವಾಗುತ್ತಿತ್ತು. ನೋವಿಲ್ಲದ 15 ಜನರಲ್ಲಿ ತಡವಿರಲಿಲ್ಲ. ಹಾಗಾದರೆ ಈ ಸ್ನಾಯುವಿಗೆ ತರಬೇತಿ ಕೊಟ್ಟರೆ? ‘ಕೋರ್’ ವ್ಯಾಯಾಮಗಳ ಅಲೆಗೆ ಬಲ ಬಂದದ್ದು ಇಲ್ಲಿಂದ.

ಇಲ್ಲಿಯವರೆಗಿನ ಕತೆಯಲ್ಲಿ ಒಂದು ಸಾಮ್ಯ ನಿಮಗೆ ಕಂಡಿರಬೇಕು. ಪ್ರತಿ ವ್ಯಾಯಾಮದ ಹಿಂದೆಯೂ ಒಪ್ಪುವಂಥ ವಿವರಣೆಯೊಂದಿದೆ. ಒಬ್ಬನಿಗೆ ಡಿಸ್ಕ್, ಒಬ್ಬನಿಗೆ ಚಲನೆಯ ದಿಕ್ಕು, ಇನ್ನೊಬ್ಬನಿಗೆ ಸ್ನಾಯು. ಆದರೆ ವಿವರಣೆ ಚೆನ್ನಾಗಿದೆ ಎಂದ ಮಾತ್ರಕ್ಕೆ ಚಿಕಿತ್ಸೆ ಉತ್ತಮವೆಂದು ಸಿದ್ಧವಾಗುವುದಿಲ್ಲ. ಅದಕ್ಕೆ ಹೋಲಿಕೆ ಬೇಕು.

ನ್ಯಾಯವಾದ ಹೋಲಿಕೆ

ಹೋಲಿಕೆ ಸುಲಭವಲ್ಲ. ಬೆನ್ನುನೋವು ಏರಿಳಿಯುತ್ತಿರುತ್ತದೆ. ಜನ ಚಿಕಿತ್ಸೆಗೆ ಹೋಗುವುದು ನೋವು ತೀರಾ ಹೆಚ್ಚಿದ್ದಾಗ. ಅನಂತರ ಅದು ಏನೂ ಮಾಡದಿದ್ದರೂ ಸ್ವಲ್ಪ ಇಳಿಯುವುದೇ ಹೆಚ್ಚು. ಇಳಿದ ಕೀರ್ತಿ ಆಗ ಮಾಡುತ್ತಿದ್ದ ವ್ಯಾಯಾಮಕ್ಕೆ ಸೇರುತ್ತದೆ! ಇದನ್ನು ತಪ್ಪಿಸಲು ರೋಗಿಗಳನ್ನು ಚೀಟಿ ಎತ್ತಿದಂತೆ, ಯಾರ ಆಯ್ಕೆಗೂ ಬಿಡದೆ, ಗುಂಪುಗಳಿಗೆ ಹಂಚಬೇಕು. ಇದೇ ಯಾದೃಚ್ಛಿಕ ನಿಯಂತ್ರಿತ ಪ್ರಯೋಗ. ಮಾತ್ರೆಯಾದರೆ ಸಕ್ಕರೆಯ ಗುಳಿಗೆ ಕೊಟ್ಟು ರೋಗಿಗೆ ಗೊತ್ತಾಗದಂತೆ ಮಾಡಬಹುದು. ತಾನು ಯಾವ ವ್ಯಾಯಾಮ ಮಾಡುತ್ತಿದ್ದೇನೆಂದು ರೋಗಿಗೆ ತಿಳಿಯದಂತೆ ಮಾಡುವುದು ಹೇಗೆ? ಈ ತೊಡಕು ಇಂದಿಗೂ ಉಳಿದಿದೆ.

1968ರಲ್ಲೇ ಇಂಗ್ಲೆಂಡಿನ ಕೆಂಡಾಲ್ ಮತ್ತು ಜೆಂಕಿನ್ಸ್ ಮೂರು ಬಗೆಯ ವ್ಯಾಯಾಮಗಳನ್ನು ಹೀಗೆ ಹೋಲಿಸಲು ಯತ್ನಿಸಿದ್ದರು. ಅವರಲ್ಲಿ ಗೆದ್ದದ್ದು ಮುಂದಕ್ಕೆ ಬಾಗುವ ಪಂಗಡ. 1988ರಲ್ಲಿ ಡೆನ್ಮಾರ್ಕಿನಲ್ಲಿ 105 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಮೂರು ತಿಂಗಳ ಕಠಿಣ ಬೆನ್ನುಸ್ನಾಯು ತರಬೇತಿ ಮುಂದೆ ಬಂತು. ಸಣ್ಣ ಪ್ರಯೋಗಗಳಲ್ಲಿ ಹೀಗೆ ಗೆಲ್ಲುವವರು ಬದಲಾಗುತ್ತಲೇ ಇದ್ದರು.

ನಿಜವಾದ ಅಚ್ಚರಿ 1999ರಲ್ಲಿ ಕಾದಿತ್ತು. ಜ್ಯೂರಿಕ್‌ನಲ್ಲಿ ಆ್ಯನ್ ಮ್ಯಾನಿಯನ್ ಮತ್ತು ಸಂಗಡಿಗರು ದೀರ್ಘಕಾಲಿಕ ನೋವಿನ 148 ರೋಗಿಗಳನ್ನು ಮೂರು ಗುಂಪು ಮಾಡಿದರು: ಒಂದಕ್ಕೆ ಭೌತಚಿಕಿತ್ಸಕರ ವೈಯಕ್ತಿಕ ಗಮನ, ಒಂದಕ್ಕೆ ಯಂತ್ರಗಳ ಮೇಲೆ ಸ್ನಾಯು ತರಬೇತಿ, ಒಂದಕ್ಕೆ ಗುಂಪಿನಲ್ಲಿ ಹಗುರವಾದ ಏರೋಬಿಕ್ಸ್. ಮೂರು ತಿಂಗಳ ನಂತರ ಮೂರೂ ಗುಂಪು ಹೆಚ್ಚುಕಡಿಮೆ ಒಂದೇ ಸಮನಾಗಿ ಸುಧಾರಿಸಿದ್ದವು. ಗುಂಪಿನ ಏರೋಬಿಕ್ಸ್‌ಗೆ ತಗಲುವ ಖರ್ಚು ಮಾತ್ರ ಬಹಳ ಕಡಿಮೆ!

2007ರಲ್ಲಿ ಸಿಡ್ನಿಯ 240 ಜನರ ಪ್ರಯೋಗದಲ್ಲಿ ಆಳದ ಸ್ನಾಯುವಿನ ತರಬೇತಿ ಎಂಟನೆಯ ವಾರದಲ್ಲಿ ಸಾಮಾನ್ಯ ವ್ಯಾಯಾಮಕ್ಕಿಂತ ತುಸು ಮುಂದಿತ್ತು. ಆರು ತಿಂಗಳಾಗುವಷ್ಟರಲ್ಲಿ ವ್ಯತ್ಯಾಸ ಅಳಿಸಿಹೋಯಿತು. 2016ರಲ್ಲಿ ಇಂಥ 29 ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ವಿಮರ್ಶೆಯೂ ಆಳದ ಸ್ನಾಯುವಿಗೆ ವಿಶೇಷ ಸ್ಥಾನ ಕೊಡಲಿಲ್ಲ.

ಯೋಗದ ಕತೆಯೂ ಹೀಗೆಯೇ. 2005ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಕ್ಯಾರೆನ್ ಶೆರ್ಮನ್ ತಂಡ 101 ಜನರಲ್ಲಿ ಯೋಗ, ವ್ಯಾಯಾಮ ಮತ್ತು ಸಲಹೆಯ ಪುಸ್ತಕಗಳನ್ನು ಹೋಲಿಸಿತು. ಅಲ್ಲಿ ಬಳಸಿದ ‘ವಿನಿಯೋಗ’ ಪದ್ಧತಿ, 1930ರ ದಶಕದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿ ಯೋಗ ಕಲಿಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರ ಪರಂಪರೆಗೆ ಸೇರಿದ್ದು. ಹನ್ನೆರಡನೆಯ ವಾರದಲ್ಲಿ ಯೋಗದವರು ಉಳಿದೆರಡು ಗುಂಪಿಗಿಂತ ಮುಂದಿದ್ದರು. ಅದೇ ತಂಡ 2011ರಲ್ಲಿ 228 ಜನರೊಂದಿಗೆ ಮತ್ತೆ ಪ್ರಯೋಗ ಮಾಡಿ, ಈ ಸಲ ಯೋಗದ ಎದುರಿಗೆ ಸ್ನಾಯುಗಳನ್ನು ಚೆನ್ನಾಗಿ ಎಳೆಯುವ ವ್ಯಾಯಾಮವನ್ನು ಇಟ್ಟಿತು. ಎರಡೂ ಪುಸ್ತಕಕ್ಕಿಂತ ಮೇಲು, ತಮ್ಮಲ್ಲಿ ಸಮ. ಬೆಂಗಳೂರಿನ ಬಳಿಯ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದಲ್ಲಿ 80 ರೋಗಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಲ್ಲಿಯೇ ತಂಗಿ ಒಂದು ವಾರ ಯೋಗ ಮಾಡಿದವರು ದೈಹಿಕ ವ್ಯಾಯಾಮ ಮಾಡಿದವರಿಗಿಂತ ಹೆಚ್ಚು ಸುಧಾರಿಸಿದರು. ಒಂದು ವಾರದ ಫಲದಿಂದ ಒಂದು ವರ್ಷದ ಮಾತು ಹೇಳಲಾಗದು ಎಂಬುದನ್ನೂ ಜೊತೆಗೆ ನೆನಪಿಡಬೇಕು.

ವಿವರಣೆ ಬೇರೆ, ಫಲ ಒಂದೇ ಏಕೆ?

2012ರಲ್ಲಿ ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ವ್ಯಾಯಾಮದಿಂದ ಯಾರ ಸ್ನಾಯು ಹೆಚ್ಚು ಬಲವಾಯಿತೋ, ಯಾರ ಬೆನ್ನು ಹೆಚ್ಚು ಬಾಗಿತೋ, ಅವರದೇ ನೋವು ಹೆಚ್ಚು ಇಳಿಯಿತೇ ಎಂದು ಹಳೆಯ ಪ್ರಯೋಗಗಳನ್ನು ಜಾಲಾಡಿದರು. ಎರಡಕ್ಕೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ವಿವರಣೆಗಳ ಬುಡವೇ ಇಲ್ಲಿ ಅಲುಗಿತು. ಬಹುಶಃ ಎಲ್ಲ ವ್ಯಾಯಾಮಗಳಿಗೂ ಸಮಾನವಾದದ್ದೇನೋ ಕೆಲಸ ಮಾಡುತ್ತಿದೆ: ಚಲನೆಯ ಭಯ ಕಳೆಯುವುದು, ದೇಹದ ಮೇಲೆ ಭರವಸೆ ಮರಳುವುದು, ನೋವಿನ ಸಂಕೇತಗಳಿಗೆ ನರಮಂಡಲ ಸ್ಪಂದಿಸುವ ರೀತಿ ಬದಲಾಗುವುದು.

2021ರ ಕಾಕ್ರೇನ್ ವಿಮರ್ಶೆ 249 ಪ್ರಯೋಗಗಳ 24,486 ರೋಗಿಗಳನ್ನು ಒಳಗೊಂಡಿತ್ತು. ನೂರು ಅಂಕದ ಅಳತೆಯಲ್ಲಿ, ವ್ಯಾಯಾಮ ಮಾಡದವರಿಗಿಂತ ಮಾಡಿದವರ ನೋವು ಸರಾಸರಿ 15 ಅಂಕ ಕಡಿಮೆ. ಪವಾಡವಲ್ಲ, ಆದರೆ ತಳ್ಳಿಹಾಕುವಂಥದ್ದೂ ಅಲ್ಲ. ಪಿಲಾಟೆಸ್, ಮೆಕೆಂಜಿ ಪದ್ಧತಿಗಳನ್ನು ತುಸು ಮೇಲಿಟ್ಟ ವಿಶ್ಲೇಷಣೆಗಳೂ ಬಂದಿವೆ. ಅವು ಬಹುಮಟ್ಟಿಗೆ ಪರೋಕ್ಷ ಹೋಲಿಕೆಗಳು: ‘ಎ’ಯನ್ನು ‘ಬಿ’ಯೊಡನೆ, ‘ಬಿ’ಯನ್ನು ‘ಸಿ’ಯೊಡನೆ ಹೋಲಿಸಿ, ‘ಎ’ ಮತ್ತು ‘ಸಿ’ಗಳ ಅಂತರವನ್ನು ಲೆಕ್ಕಹಾಕಿದವು. ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ವ್ಯಾಯಾಮವನ್ನು ಶಿಫಾರಸು ಮಾಡಿತು. ಇಂಥದ್ದೇ ವ್ಯಾಯಾಮವೆಂದು ಕಟ್ಟುಮಾಡಲಿಲ್ಲ. ಸೊಂಟಕ್ಕೆ ಕಟ್ಟುವ ಬೆಲ್ಟ್ ಮತ್ತು ಟ್ರ್ಯಾಕ್ಷನ್‌ಗಳನ್ನು ವಾಡಿಕೆಯಾಗಿ ಬಳಸಬೇಡಿ ಎಂದಿತು. 2024ರಲ್ಲಿ ಆಸ್ಟ್ರೇಲಿಯದಿಂದ ಬಂದ 701 ಜನರ ಪ್ರಯೋಗ, ಒಮ್ಮೆ ಗುಣವಾದವರಲ್ಲಿ ನೋವು ಮರುಕಳಿಸುವುದನ್ನು ಪರೀಕ್ಷಿಸಿತು. ಏನೂ ಮಾಡದವರಲ್ಲಿ ಮಧ್ಯಾಂಕ 112 ದಿನ; ತಿಳಿವಳಿಕೆ ಪಡೆದು ಕ್ರಮವಾಗಿ ನಡೆದವರಲ್ಲಿ 208 ದಿನ.

ಹಾಗಾದರೆ ನೋವಿರುವವರು ಏನು ಮಾಡಬೇಕು? ಕಾಲು ಮರಗಟ್ಟುವುದು, ಮೂತ್ರದ ಮೇಲೆ ಹಿಡಿತ ತಪ್ಪುವುದು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಬಿದ್ದು ಪೆಟ್ಟಾಗಿರುವುದು – ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ವೈದ್ಯರನ್ನು ಕಾಣಬೇಕು. ಇವು ಇಲ್ಲದ ದೀರ್ಘಕಾಲಿಕ ನೋವಿನಲ್ಲಿ, ನಿಮಗೆ ಒಗ್ಗುವ, ಕೈಗೆಟಕುವ, ಬಿಡದೆ ಮುಂದುವರಿಸಬಲ್ಲ ವ್ಯಾಯಾಮವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ಹೋಗುವುದೇ ಸರಿಯಾದ ದಾರಿ.

ವಿದ್ಯಾರ್ಥಿಗಳಿಗೆ ಈ ಚರಿತ್ರೆಯಲ್ಲಿ ಇನ್ನೊಂದು ಪಾಠವಿದೆ. ಯಾವುದೇ ಚಿಕಿತ್ಸೆಯ ಹೊಗಳಿಕೆ ಕೇಳಿದಾಗ ಮೂರು ಪ್ರಶ್ನೆ ಕೇಳಿ. ಯಾವುದಕ್ಕೆ ಹೋಲಿಸಿದರು? ಗುಂಪುಗಳನ್ನು ಹಂಚಿದ್ದು ಹೇಗೆ? ವ್ಯತ್ಯಾಸ ಎಷ್ಟು, ಎಷ್ಟು ಕಾಲ ಉಳಿಯಿತು? ಇವನ್ನು ಮೊದಲೇ ಕೇಳಿದ್ದರೆ, ಬಾಗುವುದು ಮುಂದಕ್ಕೋ ಹಿಂದಕ್ಕೋ ಎಂಬ ವಾದದಲ್ಲಿ ಇಷ್ಟು ವರ್ಷ ಕಳೆಯಬೇಕಾಗಿರಲಿಲ್ಲ.