ಕೊಲೊಸಿಯಮ್ಮಿನ ನಿರ್ಮಾಣ

ಕ್ರಿ.ಶ. 64ರಲ್ಲಿ ರೋಮ್ ಪಟ್ಟಣವು ಮಹಾಗ್ನಿಗೆ ತುತ್ತಾಯಿತು. ಬೆಂದು ಬಯಲಾದ ನೆಲದಲ್ಲಿ ವಿಶಾಲವಾದ ಭಾಗವೊಂದನ್ನು ನೀರೋ ಚಕ್ರವರ್ತಿಯು ತನ್ನ 'ಸುವರ್ಣಗೃಹ'ವೆಂಬ ಅರಮನೆಗೆ ಸೇರಿಸಿಕೊಂಡು, ಗುಡ್ಡಗಳ ನಡುವಣ ತಗ್ಗಿನಲ್ಲಿ ವಿಲಾಸಾರ್ಥವಾಗಿ ಸರೋವರವೊಂದನ್ನು ಮಾಡಿಸಿದನು. ಜನರು ಮನೆಮಾಡಿಕೊಂಡಿದ್ದ ಸ್ಥಳವು ಅರಸನ ಉಪವನವಾದುದನ್ನು ಕಂಡು ಪ್ರಜೆಗಳು ಮನದಲ್ಲಿ ಕುದಿದರು. 68ರಲ್ಲಿ ನೀರೋ ಆತ್ಮಹತ್ಯೆ ಮಾಡಿಕೊಂಡನು. ಅಂತಃಕಲಹಗಳ ತರುವಾಯ 69ರಲ್ಲಿ ಪಟ್ಟವನ್ನೇರಿದ ವೆಸ್ಪೇಸಿಯನ್ನನು ರಾಜವಂಶದವನಲ್ಲ. ಜನಾನುರಾಗವೇ ಅವನಿಗೆ ಬಲವಾಗಬೇಕಾಗಿದ್ದಿತು. ಆದುದರಿಂದ ಅವನು ಆ ಸರೋವರವನ್ನು ಬತ್ತಿಸಿ, ಒಬ್ಬನ ವಿಲಾಸಸ್ಥಾನವನ್ನು ಊರವರೆಲ್ಲರ ವಿನೋದಸ್ಥಾನವನ್ನಾಗಿ ಮಾಡಲು ನಿಶ್ಚಯಿಸಿದನು. ಹೀಗೆ ಹುಟ್ಟಿದುದೇ ಮುಂದೆ ಕೊಲೊಸಿಯಮ್ ಎಂದು ಹೆಸರಾದ ಆಂಫಿಥಿಯೇಟರ್.

ಗ್ರೀಕರು ತಮ್ಮ ನಾಟಕಶಾಲೆಗಳ ಸೋಪಾನಾಸನಗಳನ್ನು ಸಾಮಾನ್ಯವಾಗಿ ಗುಡ್ಡದ ಇಳುಕಲಿಗೆ ಒರಗಿಸಿ ಕಟ್ಟುತ್ತಿದ್ದರು. ಇಲ್ಲಿ ಅಂತಹ ಆಸರೆಯಿಲ್ಲದುದರಿಂದ ಗುಡ್ಡವನ್ನೇ ಕೈಯಾರೆ ಕಟ್ಟಬೇಕಾಯಿತು. ಮೊದಲು ಕೊಳದ ತಳವನ್ನು ಅಗೆದು, ಸುಣ್ಣ, ಜ್ವಾಲಾಮುಖಿಯ ಬೂದಿ, ಕಲ್ಲುಚೂರುಗಳನ್ನು ಕಲಸಿದ ಗಚ್ಚಿನಿಂದ ಸುಮಾರು 40 ಅಡಿ ದಪ್ಪದ ಬಳೆಯಂತಹ ತಳಹದಿಯನ್ನು ಹಾಕಿದರು. ಅದರ ಮೇಲೆ ತಿವೋಲಿಯ ಗಣಿಗಳಿಂದ ತಂದ ಟ್ರಾವರ್ಟೀನ್ ಶಿಲೆಯ ಕಂಬಗಳನ್ನು ನಿಲ್ಲಿಸಿ, ಗಾರೆಯಿಲ್ಲದೆ ಕಬ್ಬಿಣದ ಕೊಂಡಿಗಳಿಂದ ಕಲ್ಲಿಗೆ ಕಲ್ಲನ್ನು ಬಿಗಿದರು. ಒಳಭಾಗಕ್ಕೆ ಹಗುರವಾದ ಕಲ್ಲು, ಇಟ್ಟಿಗೆ, ಗಚ್ಚುಗಳನ್ನು ಬಳಸಿದರು. ಹೊರಗೆ ಒಂದರ ಮೇಲೊಂದರಂತೆ ಮೂರು ಅಂತಸ್ತುಗಳು, ಪ್ರತಿಯೊಂದರಲ್ಲಿಯೂ 80 ಕಮಾನುಗಳು. ಅವುಗಳ ಮೇಲೆ ನಾಲ್ಕನೆಯ ಅಂತಸ್ತಿನ ಗೋಡೆ. ದೀರ್ಘವೃತ್ತಾಕಾರದ ಈ ಕಟ್ಟಡದ ಉದ್ದ ಸುಮಾರು 615 ಅಡಿ, ಅಗಲ 510 ಅಡಿ, ಎತ್ತರ 160 ಅಡಿ. ಇಷ್ಟನ್ನೂ ಕಲ್ಪಿಸಿದ ಸ್ಥಪತಿಯ ಹೆಸರು ಉಳಿದುಬಂದಿಲ್ಲ.

ಇದಕ್ಕೆ ತಗುಲಿದ ದ್ರವ್ಯವೆಲ್ಲಿಯದು? 70ರಲ್ಲಿ ವೆಸ್ಪೇಸಿಯನ್ನನ ಮಗನಾದ ಟೈಟಸ್ಸನು ಜೆರುಸಲೇಮ್ ನಗರವನ್ನು ಗೆದ್ದನು. ಯೆಹೂದ್ಯರ ಪವಿತ್ರ ದೇವಾಲಯವು ಸುಟ್ಟುಹೋಯಿತು. ಅದರ ನಿಧಿಯು ರೋಮಿಗೆ ಬಂದಿತು. ಆ ಯುದ್ಧದಲ್ಲಿ 97,000 ಜನರು ಸೆರೆಯಾದರೆಂದು ಯೊಸೀಫಸ್ಸನು ಬರೆದಿದ್ದಾನೆ. ಕೊಲೊಸಿಯಮ್ಮಿನಲ್ಲಿ ಐದನೆಯ ಶತಮಾನದ ಜೀರ್ಣೋದ್ಧಾರವನ್ನು ಸಾರುವ ಶಿಲಾಶಾಸನವೊಂದಿದೆ. ಅದೇ ಕಲ್ಲಿನ ಮೇಲೆ ಅದಕ್ಕಿಂತ ಹಿಂದೆ ಕಂಚಿನ ಅಕ್ಷರಗಳನ್ನು ನಾಟಿದ್ದ ರಂಧ್ರಗಳೂ ಉಂಟು. ಗೇಜಾ ಆಲ್ಫೊಲ್ಡಿ ಎಂಬ ವಿದ್ವಾಂಸರು ಆ ರಂಧ್ರಗಳ ಸ್ಥಾನಗಳನ್ನು ಪರಿಶೀಲಿಸಿ, ಅಳಿದುಹೋದ ಬರೆಹದ ಪಾಠವನ್ನು 1995ರಲ್ಲಿ ಪ್ರಕಟಿಸಿದರು. ಚಕ್ರವರ್ತಿಯು ಯುದ್ಧದ ಕೊಳ್ಳೆಯಿಂದ ಈ ನೂತನ ಆಂಫಿಥಿಯೇಟರನ್ನು ಕಟ್ಟಿಸಿದನೆಂಬುದೇ ಆ ಪಾಠದ ತಾತ್ಪರ್ಯ.

79ರಲ್ಲಿ ವೆಸ್ಪೇಸಿಯನ್ನನು ತೀರಿಕೊಂಡನು. ಮರುವರ್ಷ ಟೈಟಸ್ಸನು 100 ದಿನಗಳ ಉತ್ಸವದೊಡನೆ ರಂಗವನ್ನು ತೆರೆದನು. ಸುಮಾರು 50,000 ಪ್ರೇಕ್ಷಕರು ಅಂತಸ್ತಿಗೆ ತಕ್ಕ ಆಸನಗಳಲ್ಲಿ ಕುಳಿತು, ಮೃಗಗಳೂ ಮನುಷ್ಯರೂ ಸಾಯುವುದನ್ನು ನೋಡಿ ನಲಿದರು. ಅರಸನು ಕಸಿದ ನೆಲವು ರೋಮಿನ ಜನರಿಗೆ ಮರಳಿತೆಂಬುದು ನಿಜ. ಆದರೆ ಆ ಔದಾರ್ಯದ ಬೆಲೆಯನ್ನು ತೆತ್ತವರು ಅವರಲ್ಲ, ಮನೆಯನ್ನೂ ದೇವಾಲಯವನ್ನೂ ಕಳೆದುಕೊಂಡ ಮತ್ತೊಂದು ಜನ. ಮಧ್ಯಯುಗದಲ್ಲಿ ಕೊಂಡಿಗಳ ಕಬ್ಬಿಣಕ್ಕಾಗಿ ಜನರು ಗೋಡೆಗಳನ್ನು ಕೊರೆದರು. ಆ ಗುಳಿಗಳು ಇಂದಿಗೂ ಎಲ್ಲರ ಕಣ್ಣಿಗೆ ಬೀಳುತ್ತವೆ. ಕಟ್ಟಡದ ಋಣವನ್ನು ಹೇಳುವ ರಂಧ್ರಗಳು ಮಾತ್ರ ಬಹುಕಾಲ ಯಾರ ಗಮನಕ್ಕೂ ಬಾರದೆ ಒಂದೇ ಕಲ್ಲಿನಲ್ಲಿ ಉಳಿದಿದ್ದವು.