ಹೂಡಿಕೆಯ ಜ್ಞಾನವೂ ಸತ್ಯಾಣುವ್ರತವೂ: ವಿಕಿಪೀಡಿಯದ ಇತಿಹಾಸದಿಂದ ಒಂದು ಪಾಠ

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕನ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ ಎಂಬ ಈ ಐದರಲ್ಲಿ ಸುಳ್ಳು ಪತ್ರ ಬರೆಯುವ ಕೂಟಲೇಖಕ್ರಿಯೆಯನ್ನೂ, ನಂಬಿ ಇರಿಸಿದ ಹಣವನ್ನು ಅಪಹರಿಸುವ ನ್ಯಾಸಾಪಹಾರವನ್ನೂ ವ್ಯಾಪಾರಿಗಳಾದ ನಾವು ಸುಲಭವಾಗಿ ಗುರುತಿಸುತ್ತೇವೆ. ಆದರೆ ಪಟ್ಟಿಯಲ್ಲಿ ಮೊದಲನೆಯದಾಗಿ ನಿಂತಿರುವುದು ಮಿಥ್ಯೋಪದೇಶ. ಅಭ್ಯುದಯ ಮತ್ತು ನಿಃಶ್ರೇಯಸಗಳ ವಿಷಯದಲ್ಲಿ ಇನ್ನೊಬ್ಬನನ್ನು ತಪ್ಪು ದಾರಿಗೆ ಹಚ್ಚುವುದೇ ಅದು ಎಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಅಭ್ಯುದಯವೆಂದರೆ ಲೌಕಿಕ ಏಳಿಗೆಯೂ ಹೌದು. ಆದ್ದರಿಂದ ಹಣದ ವಿಷಯದಲ್ಲಿ ಕೊಡುವ ಸಲಹೆಯೂ ಈ ವ್ರತದ ಎಲ್ಲೆಯೊಳಗೇ ಬರುತ್ತದೆ.

ಈ ಮಾತನ್ನು ನಾನು ಕಲಿತದ್ದು ಗ್ರಂಥದಿಂದಲ್ಲ, ತಪ್ಪಿನಿಂದ. 1995ರ ಸುಮಾರಿಗೆ ನಾನು ಒಂದು ಬಸದಿಯ ಆಡಳಿತ ಸಮಿತಿಯಲ್ಲಿ ಕಿರಿಯ ಸದಸ್ಯನಾಗಿದ್ದೆ. ಆಗ ಊರೂರಿನಲ್ಲಿಯೂ ಜನರು ಬ್ಲೇಡ್ ಕಂಪನಿಗಳೆಂದು ಕರೆಯುತ್ತಿದ್ದ ಖಾಸಗಿ ಹಣಕಾಸು ಸಂಸ್ಥೆಗಳ ಕಾಲ. ಅಂಥದೊಂದು ಸಂಸ್ಥೆಯವರು ಬಂದು ನಿತ್ಯಪೂಜಾ ನಿಧಿಯನ್ನು ತಮ್ಮಲ್ಲಿ ಠೇವಣಿ ಇಟ್ಟರೆ ವರ್ಷಕ್ಕೆ ನೂರಕ್ಕೆ 24ರಂತೆ ಬಡ್ಡಿ ಕೊಡುವುದಾಗಿ ಹೇಳಿದರು. ಬಿ.ಕಾಂ. ಓದಿದವನೆಂದು ಹಿರಿಯರು ನನ್ನ ಅಭಿಪ್ರಾಯ ಕೇಳಿದರು. ಅವರೇ ಕೊಟ್ಟ ಕರಪತ್ರವನ್ನು ಓದಿ, "ಇಡಬಹುದು" ಎಂದೆ. ಎರಡು ವರ್ಷ ತುಂಬುವ ಮೊದಲೇ ಆ ಸಂಸ್ಥೆ ಬಾಗಿಲು ಹಾಕಿತು. ಧಾರ್ಮಿಕ ಸಂಸ್ಥೆಗಳ ಹಣವನ್ನು ಎಲ್ಲೆಲ್ಲಿ ತೊಡಗಿಸಬಹುದೆಂಬುದನ್ನು ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯಿದೆಯ 11(5)ನೆಯ ಕಲಮು ಪಟ್ಟಿ ಮಾಡಿಯೇ ಹೇಳಿತ್ತು. ಅದನ್ನು ತೆಗೆದು ನೋಡಬೇಕೆಂಬ ಬುದ್ಧಿ ನನಗೆ ಬರಲಿಲ್ಲ. ನಮ್ಮ ಕೈಯಲ್ಲಿದ್ದ ಒಂದೊಂದು ಕಾಗದವೂ ಮಾರುವವನು ಬರೆದದ್ದು. ನಿಃಸ್ವಾರ್ಥಿಯೊಬ್ಬನು ಬರೆದ ಒಂದು ಪುಟವೂ ಇರಲಿಲ್ಲ.

ಹಣದ ವಿಷಯವನ್ನು ಲಾಭದ ಆಸೆಯಿಲ್ಲದೆ ಸಾರ್ವಜನಿಕರಿಗೆ ತಿಳಿಸುವ ಪರಂಪರೆ ಹಳೆಯದು. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ತಮ್ಮ ಗಣಿತಸಾರಸಂಗ್ರಹದಲ್ಲಿ ಅಸಲು, ಬಡ್ಡಿ, ಅವಧಿಗಳ ಲೆಕ್ಕಗಳನ್ನು ವಿಸ್ತಾರವಾಗಿ ನಿರೂಪಿಸಿದರು. 12ನೆಯ ಶತಮಾನದಲ್ಲಿ ಜೈನಕವಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ರಚಿಸಿ ಆ ವಿದ್ಯೆಯನ್ನು ಸಂಸ್ಕೃತವರಿಯದವರ ಕೈಗೂ ಇತ್ತನು. ಯುರೋಪಿನಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿ ಲೂಕಾ ಪಾಚೋಲಿಯು 1494ರಲ್ಲಿ ವೆನಿಸ್ ನಗರದಲ್ಲಿ ಅಚ್ಚುಮಾಡಿಸಿದ ಗಣಿತಗ್ರಂಥದಲ್ಲಿ ಆ ನಗರದ ವರ್ತಕರ ಜೋಡಿನಮೂದು ಲೆಕ್ಕಪದ್ಧತಿಯನ್ನು ವಿವರಿಸಿದನು. ಆ ಪದ್ಧತಿ ಅವನ ಆವಿಷ್ಕಾರವಲ್ಲ. ವರ್ತಕರ ಅಂಗಡಿಯೊಳಗಿದ್ದ ವಿದ್ಯೆಯನ್ನು ಪಂಡಿತರ ಲ್ಯಾಟಿನ್ನನ್ನು ಬಿಟ್ಟು ಜನರ ನುಡಿಯಾದ ಇಟಾಲಿಯನ್‌ನಲ್ಲಿ ಬರೆದದ್ದೇ ಅವನ ಉಪಕಾರ. ಈ ಪರಂಪರೆಯ ಇತ್ತೀಚಿನ ಕೊಂಡಿಯೆಂದು ಹೇಳಬಹುದಾದದ್ದು ವಿಕಿಪೀಡಿಯವೆಂಬ ಅಂತರ್ಜಾಲ ವಿಶ್ವಕೋಶ.

ಅದರ ಹುಟ್ಟಿನ ಕಥೆಯೂ ಹಣದ ಪೇಟೆಯಿಂದಲೇ ಆರಂಭವಾಗುತ್ತದೆ. ಅದರ ಸ್ಥಾಪಕರಲ್ಲೊಬ್ಬರಾದ ಜಿಮ್ಮಿ ವೇಲ್ಸ್ ಮೊದಲು ಅಮೆರಿಕದ ಷಿಕಾಗೋ ನಗರದಲ್ಲಿ ಆಪ್ಷನ್ ಮತ್ತು ಫ್ಯೂಚರ್ಸ್ ವ್ಯವಹಾರದ ಸಂಸ್ಥೆಯೊಂದರಲ್ಲಿ ಕೆಲಸಮಾಡಿದ್ದವರು. 2000ದ ಮಾರ್ಚಿಯಲ್ಲಿ ಅವರು ನ್ಯೂಪೀಡಿಯವೆಂಬ ವಿಶ್ವಕೋಶವನ್ನು ತೊಡಗಿದರು. ತತ್ತ್ವಶಾಸ್ತ್ರದ ವಿದ್ಯಾರ್ಥಿಯಾಗಿದ್ದ ಲ್ಯಾರಿ ಸ್ಯಾಂಗರ್ ಅದರ ಸಂಪಾದಕರಾದರು. ಅಲ್ಲಿ ಪ್ರತಿಯೊಂದು ಲೇಖನವೂ ತಜ್ಞರ ಏಳು ಹಂತಗಳ ಪರಿಶೀಲನೆಯನ್ನು ದಾಟಬೇಕಾಗಿತ್ತು. ಪರಿಣಾಮವಾಗಿ ಒಂದು ವರ್ಷ ಕಳೆದರೂ ಪೂರ್ಣಗೊಂಡ ಲೇಖನಗಳು ತೀರ ಕಡಿಮೆಯಾಗಿದ್ದವು. ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬ ತಂತ್ರಜ್ಞರು 1995ರಲ್ಲಿ, ಓದುವವರೆಲ್ಲರೂ ತಿದ್ದಬಹುದಾದ ಪುಟಗಳ ವ್ಯವಸ್ಥೆಯೊಂದನ್ನು ರೂಪಿಸಿ, ಹವಾಯಿ ಭಾಷೆಯಲ್ಲಿ ಶೀಘ್ರವೆಂಬ ಅರ್ಥವುಳ್ಳ ವಿಕಿ ಎಂಬ ಹೆಸರನ್ನು ಅದಕ್ಕೆ ಕೊಟ್ಟಿದ್ದರು. ಆ ವ್ಯವಸ್ಥೆಯನ್ನು ಅಳವಡಿಸಿಕೊಂಡು 2001ರ ಜನವರಿ 15ರಂದು ವಿಕಿಪೀಡಿಯ ಪ್ರಾರಂಭವಾಯಿತು. 2020ರ ಜನವರಿಯ ಹೊತ್ತಿಗೆ ಅದರ ಇಂಗ್ಲಿಷ್ ಆವೃತ್ತಿಯೊಂದರಲ್ಲಿಯೇ 60 ಲಕ್ಷ ಲೇಖನಗಳಾದವು.

ಬೆಳೆಯುವ ಹೊತ್ತಿನಲ್ಲಿಯೇ ಒಂದು ಧರ್ಮಸಂಕಟ ಎದುರಾಯಿತು. ಮುಂದೆ ಜಾಹೀರಾತುಗಳು ಬರಬಹುದೆಂಬ ಸೂಚನೆ 2002ರಲ್ಲಿ ಕಂಡಾಗ ಸ್ಪ್ಯಾನಿಷ್ ಭಾಷೆಯ ಸ್ವಯಂಸೇವಕರು ಅನೇಕರು ಬೇಸತ್ತು ಹೊರನಡೆದು ತಮ್ಮದೇ ಆದ ಪ್ರತ್ಯೇಕ ವಿಶ್ವಕೋಶವನ್ನು ಕಟ್ಟಿಕೊಂಡರು. ಪುಕ್ಕಟೆಯಾಗಿ ದುಡಿದವರ ಶ್ರಮ ಮತ್ತೊಬ್ಬರ ವ್ಯಾಪಾರದ ಸರಕಾಗಬಾರದೆಂಬುದೇ ಅವರ ಆಕ್ಷೇಪ. ಅದೇ ವರ್ಷ ವಿಕಿಪೀಡಿಯವು ವಾಣಿಜ್ಯ ಸಂಸ್ಥೆಯ ವಿಳಾಸವನ್ನು ತೊರೆದು ಲಾಭರಹಿತ ಸಂಸ್ಥೆಯ ವಿಳಾಸವನ್ನು ಪಡೆಯಿತು. 2003ರ ಜೂನ್ ತಿಂಗಳಲ್ಲಿ ವಿಕಿಮೀಡಿಯ ಪ್ರತಿಷ್ಠಾನವೆಂಬ ಲಾಭರಹಿತ ಸಂಸ್ಥೆಯ ಸ್ಥಾಪನೆಯಾಯಿತು. ಅಂದಿನಿಂದ ಅದು ಜಾಹೀರಾತಿಲ್ಲದೆ, ಬಹುಪಾಲು ಓದುಗರ ಕಾಣಿಕೆಯಿಂದ ನಡೆಯುತ್ತಿದೆ. ಹೂಡಿಕೆಯ ಲೇಖನದ ಪಕ್ಕದಲ್ಲಿ ಷೇರು ದಲ್ಲಾಳಿಯ ಜಾಹೀರಾತು ನಿಂತಿದ್ದರೆ ಆ ಲೇಖನವನ್ನು ಎಷ್ಟು ನಂಬಬಹುದಾಗಿತ್ತೆಂಬುದನ್ನು ಓದುಗರೇ ಯೋಚಿಸಬಹುದು.

ವಿಕಿಪೀಡಿಯದಲ್ಲಿ ಒಂದೊಂದು ವಿಷಯದಲ್ಲಿ ಆಸಕ್ತಿಯುಳ್ಳವರು ಕೂಡಿ ಗುಂಪುಗಳನ್ನು ರಚಿಸಿಕೊಳ್ಳುತ್ತಾರೆ. ಇಂಗ್ಲಿಷ್ ಆವೃತ್ತಿಯಲ್ಲಿ ಹಣಕಾಸು ಮತ್ತು ಹೂಡಿಕೆಗೆಂದೇ ಅಂಥ ಒಂದು ಯೋಜನೆಯಿದೆ. ಅದರ ಸದಸ್ಯರಿಗೆ ಸಂಬಳವಿಲ್ಲ; ಲೇಖನದ ಮೇಲೆ ಕರ್ತೃವಿನ ಹೆಸರೂ ಇರುವುದಿಲ್ಲ. ಷೇರು, ಸಾಲಪತ್ರ, ಮ್ಯೂಚುಯಲ್ ಫಂಡ್, ವಿಮೆ, ಪಿಂಚಣಿ ಮುಂತಾದ ವಿಷಯಗಳ ಲೇಖನಗಳನ್ನು ಅವರು ಒಂದೊಂದಾಗಿ ಓದಿ, ಚುಟುಕು ಲೇಖನದಿಂದ ಹಿಡಿದು ವಿಶೇಷ ಲೇಖನದವರೆಗೆ ಗುಣಮಟ್ಟದ ದರ್ಜೆಯನ್ನೂ, ವಿಷಯದ ಮಹತ್ತ್ವದ ದರ್ಜೆಯನ್ನೂ ಗುರುತಿಸುತ್ತಾರೆ. ಮಹತ್ತ್ವ ಹೆಚ್ಚಾಗಿದ್ದು ಗುಣಮಟ್ಟ ಕಡಿಮೆಯಾಗಿರುವ ಲೇಖನ ಯಾವುದೆಂದು ಇದರಿಂದ ಎಲ್ಲರಿಗೂ ತಿಳಿಯುತ್ತದೆ. ಪ್ರತಿ ಲೇಖನಕ್ಕೂ ಒಂದು ಚರ್ಚಾಪುಟವುಂಟು. ಭಿನ್ನಾಭಿಪ್ರಾಯಗಳು ಅಲ್ಲಿ ಇತ್ಯರ್ಥವಾಗಬೇಕು. ಯಾವ ಖಾತೆಯಿಂದ, ಯಾವ ದಿನ, ಯಾವ ಅಕ್ಷರ ಬದಲಾಯಿತೆಂಬುದು ಇತಿಹಾಸದ ಪುಟದಲ್ಲಿ ಉಳಿಯುತ್ತದೆ. ಅಳಿಸಿ ಬರೆಯಲಾಗದ ರೋಜು ಪುಸ್ತಕದಂತೆ ಅದು.

ಅವರನ್ನು ಬಂಧಿಸುವ ನಿಯಮಗಳು ಮುಖ್ಯವಾಗಿ ಮೂರು: ಪಕ್ಷಪಾತವಿಲ್ಲದೆ ಬರೆಯುವುದು, ವಿಶ್ವಸನೀಯ ಆಧಾರದಿಂದ ಪರಿಶೀಲಿಸಬಹುದಾದುದನ್ನೇ ಬರೆಯುವುದು, ಸ್ವಂತ ಸಂಶೋಧನೆಯನ್ನು ಸೇರಿಸದಿರುವುದು. ಇವುಗಳ ಜೊತೆಗೆ ಇನ್ನೊಂದು ಸಂಯಮವುಂಟು. ವಿಶ್ವಕೋಶವು ಸಲಹೆಗಾರನಲ್ಲ, ಇದನ್ನು ಕೊಳ್ಳಿರಿ, ಅದನ್ನು ಮಾರಿರಿ ಎಂದು ಅದು ಹೇಳತಕ್ಕದ್ದಲ್ಲ. ಉದಾಹರಣೆಗೆ, ಸೂಚ್ಯಂಕ ನಿಧಿಯ ವಿಷಯವನ್ನು ತೆಗೆದುಕೊಳ್ಳಬಹುದು. 1976ರಲ್ಲಿ ಜಾನ್ ಬೋಗಲ್ ಅವರ ವ್ಯಾನ್‌ಗಾರ್ಡ್ ಸಂಸ್ಥೆ ಸಾಮಾನ್ಯ ಹೂಡಿಕೆದಾರರಿಗಾಗಿ ಇಂಥ ನಿಧಿಯನ್ನು ಆರಂಭಿಸಿ 15 ಕೋಟಿ ಡಾಲರನ್ನು ನಿರೀಕ್ಷಿಸಿತ್ತು. ಕೂಡಿದ್ದು ಸುಮಾರು 1 ಕೋಟಿ 13 ಲಕ್ಷ ಡಾಲರ್ ಮಾತ್ರ. ಅದು ಹೇಗೆ ನಡೆಯುತ್ತದೆ, ಖರ್ಚು ಏಕೆ ಕಡಿಮೆ, ಪೇಟೆ ಇಳಿದಾಗ ಅದೂ ಏಕೆ ಇಳಿಯುತ್ತದೆ ಎಂಬುದನ್ನು ವಿಶ್ವಕೋಶ ವಿವರಿಸಬೇಕು. ಅದೇ ಶ್ರೇಷ್ಠವೆಂದು ತೀರ್ಪು ಕೊಡಬಾರದು. ಹೀಗೆಯೇ ಚಾರ್ಲ್ಸ್ ಪೊಂಜಿ 1920ರಲ್ಲಿ ಬಾಸ್ಟನ್ ನಗರದಲ್ಲಿ 45 ದಿನಗಳಿಗೆ ನೂರಕ್ಕೆ 50ರ ಲಾಭವನ್ನು ಆಶ್ವಾಸನೆಯಿತ್ತು, ಹೊಸಬರ ಹಣದಿಂದಲೇ ಹಳಬರಿಗೆ ಪಾವತಿ ಮಾಡಿದ ವಂಚನೆಯ ವಿವರವೂ ಅಲ್ಲಿ ದೊರೆಯುತ್ತದೆ. ಅಂಥ ಒಂದು ಪುಟವನ್ನು 1995ರಲ್ಲಿ ಓದಿದ್ದರೆ ನಾನು "ಇಡಬಹುದು" ಎನ್ನುತ್ತಿರಲಿಲ್ಲ.

ಪಕ್ಷಪಾತವಿಲ್ಲದೆ ಬರೆಯುವ ನಿಯಮವನ್ನು ಕಂಡು ಕೆಲವರು ಇದು ನಮ್ಮ ಅನೇಕಾಂತವೇ ಎಂದು ಸಂತೋಷಪಡಬಹುದು. ಹೋಲಿಕೆಯಿದೆ, ಆದರೆ ಎಚ್ಚರವೂ ಬೇಕು. ವಸ್ತುವಿನ ಅನಂತ ಧರ್ಮಗಳನ್ನು ಒಪ್ಪುವ ಅನೇಕಾಂತವು ಸತ್ಯ ಮತ್ತು ಅಸತ್ಯಗಳನ್ನು ಸಮಾನವಾಗಿ ಕಾಣು ಎನ್ನುವುದಿಲ್ಲ. ವಿಕಿಪೀಡಿಯದ ನಿಯಮವೂ ಪ್ರತಿ ಮತಕ್ಕೆ ಅದರ ಆಧಾರಗಳಿಗೆ ತಕ್ಕಷ್ಟೇ ತೂಕ ಕೊಡಬೇಕೆನ್ನುತ್ತದೆ. ವಂಚಕನ ಹೇಳಿಕೆಗೂ ಲೆಕ್ಕಪರಿಶೋಧಕನ ವರದಿಗೂ ಸಮಪಾಲು ಕೊಡುವುದು ನಿಷ್ಪಕ್ಷಪಾತವಲ್ಲ, ಅಲ್ಲಿ ತಕ್ಕಡಿಯೇ ಕೆಟ್ಟಿದೆ.

ಈ ಕೆಲಸ ನಿರ್ವಿಘ್ನವಾಗಿ ನಡೆದಿದೆಯೆಂದು ಭಾವಿಸಬಾರದು. ಎಲ್ಲಿ ಜನರ ನಂಬಿಕೆಯಿದೆಯೋ ಅಲ್ಲಿಗೆ ಸ್ವಾರ್ಥವೂ ಬರುತ್ತದೆ. ಹಣ ಪಡೆದು ಗ್ರಾಹಕರ ಪರವಾಗಿ ಗುಟ್ಟಾಗಿ ಲೇಖನ ಬರೆಯುತ್ತಿದ್ದ ಸಂಸ್ಥೆಯೊಂದರ ನೂರಾರು ಖಾತೆಗಳು 2013ರಲ್ಲಿ ಬಯಲಾದವು. 2014ರ ಜೂನ್‌ನಲ್ಲಿ, ಹಣ ಪಡೆದು ಬರೆಯುವವರು ಅದನ್ನು ಬಹಿರಂಗಪಡಿಸಲೇಬೇಕೆಂಬ ಷರತ್ತು ಬಂದಿತು. ಆದರೂ 2015ರ ಆಗಸ್ಟಿನಲ್ಲಿ ಒಂದೇ ಕೂಟಕ್ಕೆ ಸೇರಿದ 381 ಖಾತೆಗಳನ್ನು ನಿರ್ಬಂಧಿಸಬೇಕಾಯಿತು. ಸಣ್ಣ ವ್ಯಾಪಾರಸ್ಥರ ಲೇಖನಗಳನ್ನು ಪ್ರಕಟಿಸಿ ಕಾಪಾಡುವುದಾಗಿ ಹೇಳಿ ಅವರಿಂದ ಹಣ ಕೀಳುವುದು ಆ ಕೂಟದ ಉದ್ಯೋಗವಾಗಿತ್ತು. ನಮ್ಮ ದೇಶದ ಒಂದು ವಾಣಿಜ್ಯ ಶಿಕ್ಷಣ ಸಂಸ್ಥೆಯ ಲೇಖನವನ್ನು ವರ್ಷಗಟ್ಟಲೆ ಒಂದೇ ಪಕ್ಷಕ್ಕೆ ಬಗ್ಗಿಸುತ್ತಿದ್ದ ಹಿರಿಯ ನಿರ್ವಾಹಕನೊಬ್ಬನನ್ನು ಅದೇ ವರ್ಷ ಬಹಿಷ್ಕರಿಸಲಾಯಿತು. ಕ್ರಿಪ್ಟೋ ನಾಣ್ಯಗಳ ಪ್ರಚಾರದ ಹಾವಳಿ ಮಿತಿಮೀರಿದಾಗ, 2018ರ ಮೇ ತಿಂಗಳಲ್ಲಿ, ಆ ವಿಷಯದ ಎಲ್ಲ ಲೇಖನಗಳಿಗೂ ವಿಶೇಷ ನಿರ್ಬಂಧದ ನಿಯಮಗಳನ್ನು ಸ್ವಯಂಸೇವಕ ಸಮುದಾಯವೇ ವಿಧಿಸಿತು. ಇವೆಲ್ಲವೂ ಕೂಟಲೇಖಕ್ರಿಯೆಯ ಆಧುನಿಕ ರೂಪಗಳೆಂದು ಬೇರೆ ಹೇಳಬೇಕಾಗಿಲ್ಲ.

ಇವುಗಳನ್ನು ಹಿಡಿದವರಲ್ಲಿ ಬಹುಮಂದಿ ಹಗಲು ಬೇರೆ ಉದ್ಯೋಗ ಮಾಡಿ ರಾತ್ರಿ ಕುಳಿತು ಇತಿಹಾಸದ ಪುಟಗಳನ್ನು ತಾಳೆ ನೋಡಿದ ಸಾಮಾನ್ಯ ಸ್ವಯಂಸೇವಕರು. ಹಾಗೆಂದು ಅವರ ಬರಹ ದೋಷರಹಿತವೆಂದು ನಾನು ಹೇಳುವುದಿಲ್ಲ. ನೇಚರ್ ಪತ್ರಿಕೆಯು 2005ರಲ್ಲಿ 42 ವಿಜ್ಞಾನ ಲೇಖನಗಳನ್ನು ತಜ್ಞರಿಗೆ ತೋರಿಸಿದಾಗ, ಸರಾಸರಿಯಲ್ಲಿ ವಿಕಿಪೀಡಿಯದ ಲೇಖನಕ್ಕೆ ಸುಮಾರು ನಾಲ್ಕು ದೋಷಗಳೂ ಬ್ರಿಟಾನಿಕಕ್ಕೆ ಸುಮಾರು ಮೂರೂ ಕಂಡುಬಂದವು. ಬ್ರಿಟಾನಿಕದವರು ಆ ಪರೀಕ್ಷೆಯ ವಿಧಾನವನ್ನೇ ಪ್ರಶ್ನಿಸಿದರು. ಆದ್ದರಿಂದ ಟ್ರಸ್ಟಿನ ಹಣವನ್ನು ವಿಶ್ವಕೋಶವೊಂದನ್ನೇ ನೋಡಿ ಎಲ್ಲಿಯೂ ತೊಡಗಿಸಬಾರದು. ಅಲ್ಲಿ ಕೊಟ್ಟಿರುವ ಆಧಾರಗಳನ್ನು ನೋಡಬೇಕು, ಕಾಯಿದೆಯನ್ನು ನೋಡಬೇಕು, ಲೆಕ್ಕಪರಿಶೋಧಕರನ್ನು ಕೇಳಬೇಕು. ಆದರೆ ಯಾವ ಪ್ರಶ್ನೆ ಕೇಳಬೇಕೆಂಬ ತಿಳಿವಳಿಕೆ ಅಂಥ ಪುಟದಿಂದ ಖಂಡಿತವಾಗಿ ಬರುತ್ತದೆ.

ಇನ್ನು ನಮ್ಮ ಮನೆಯ ಮಾತು. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಅದರಲ್ಲಿ ಮೂವತ್ತು ಸಾವಿರಕ್ಕಿಂತ ಹೆಚ್ಚು ಲೇಖನಗಳಿವೆ. ಸಂಪಾದಕರು ಕೂಡಿ ಚರ್ಚಿಸುವ ಪುಟಕ್ಕೆ ಅರಳಿ ಕಟ್ಟೆಯೆಂಬ ಚೆಲುವಾದ ಹೆಸರಿದೆ. 2010ರ ಆಸುಪಾಸಿನಲ್ಲಿ ಗೂಗಲ್ ಸಂಸ್ಥೆಯ ಅನುವಾದ ಯೋಜನೆಯಿಂದ ಇಂಗ್ಲಿಷಿನ ದೀರ್ಘ ಲೇಖನಗಳು ಅನೇಕವು ಅಲ್ಲಿಗೆ ಬಂದವು. ಆದರೆ ಅಂಥವುಗಳ ಕನ್ನಡ ಕೃತಕವಾಗಿದ್ದು ಓದುಗನ ಮನಸ್ಸಿಗೆ ಹತ್ತುವುದಿಲ್ಲ. ಹಣದ ವಿಷಯದಲ್ಲಿ ಅರ್ಥವಾಗದ ವಾಕ್ಯವೆಂದರೆ ಇಲ್ಲದ ವಾಕ್ಯದಂತೆಯೇ. ವಂಚಕರಾದರೋ ಅಚ್ಚಕನ್ನಡದಲ್ಲಿ, ಸವಿಯಾಗಿ ಮಾತನಾಡುತ್ತಾರೆ. ಅವರಿಗೆ ಉತ್ತರವೂ ಅಷ್ಟೇ ತಿಳಿಯಾದ ಕನ್ನಡದಲ್ಲಿ ಇರಬೇಡವೇ?

ದಾನಚಿಂತಾಮಣಿ ಅತ್ತಿಮಬ್ಬೆಯು 10ನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಸಿ ಹಂಚಿದ್ದನ್ನು ನಾವು ಪ್ರತಿ ಸಭೆಯಲ್ಲಿಯೂ ಸ್ಮರಿಸುತ್ತೇವೆ. ಶಾಸ್ತ್ರದಾನದ ಆ ಪುಣ್ಯಕಾರ್ಯಕ್ಕೆ ಹೂಡಿಕೆಯ ಲೇಖನವನ್ನು ಸರಿಗಟ್ಟುವ ಧಾರ್ಷ್ಟ್ಯ ನನಗಿಲ್ಲ. ಆದರೂ ತಿಳಿದವನು ತಿಳಿಯದವನಿಗೆ ಪ್ರತಿಫಲಾಪೇಕ್ಷೆಯಿಲ್ಲದೆ ತಿಳಿಸುವುದು ಜ್ಞಾನದಾನವೇ ಸರಿ. ನಮ್ಮ ಸಮಾಜದ ಮನೆಮನೆಗಳಲ್ಲಿ ಚಾರ್ಟರ್ಡ್ ಅಕೌಂಟೆಂಟರು, ಬ್ಯಾಂಕಿನ ನಿವೃತ್ತ ಅಧಿಕಾರಿಗಳು, ವಾಣಿಜ್ಯ ಓದುವ ಮಕ್ಕಳು ಇದ್ದಾರೆ. ಠೇವಣಿ, ಬಡ್ಡಿ, ಚೀಟಿ, ವಿಮೆ, ಮ್ಯೂಚುಯಲ್ ಫಂಡ್ ಇವುಗಳ ಪುಟಗಳನ್ನು ಅವರು ವಾರಕ್ಕೊಂದು ಗಂಟೆ ಕುಳಿತು, ಆಧಾರಸಹಿತವಾಗಿ ತಿದ್ದಿದರೆ ಸಾಕು. ಒಂದೇ ನಿಯಮ: ತಾನು ಮಾರುವ ವಸ್ತುವಿನ ವಿಷಯವನ್ನು ತಾನು ಬರೆಯಬಾರದು. ಬಸದಿಗಳ ಟ್ರಸ್ಟಿನವರೂ ಠರಾವು ಮಾಡುವ ಮೊದಲು, ಸಲಹೆ ಕೊಟ್ಟವನಿಗೆ ಅದರಲ್ಲಿ ಕಮಿಷನ್ ಇದೆಯೇ ಎಂದು ಕೇಳಿ, ಅವನ ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಯಿಸಬೇಕು.

ನಮ್ಮ ಬಸದಿಯ ಪೂಜಾನಿಧಿಯನ್ನು ಶ್ರಾವಕರು ಮತ್ತೆ ಕೈಯಿಂದ ಹಾಕಿ ತುಂಬಲು ಆರು ವರ್ಷ ಹಿಡಿಯಿತು. ಯಾರೂ ನನ್ನನ್ನು ಒಂದು ಮಾತು ಆಡಲಿಲ್ಲ. ಕಳೆದ ಚಾತುರ್ಮಾಸದಲ್ಲಿ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡ ವಿಕಿಪೀಡಿಯದಲ್ಲಿ ಠೇವಣಿಯ ಬಗೆಗಿನ ಒಂದು ವಾಕ್ಯವನ್ನು ತಿದ್ದಿ, ಅದಕ್ಕೆ ಆಧಾರವನ್ನು ಸೇರಿಸಿದೆ. ಅಲ್ಲಿ ನನ್ನ ಹೆಸರಿಲ್ಲ, ಇರಬೇಕಾಗಿಯೂ ಇಲ್ಲ. ಮೂವತ್ತು ವರ್ಷಗಳ ಹಿಂದೆ ಆಡಿದ ಒಂದು ಮಾತಿಗೆ ನನ್ನಿಂದ ಆಗಬಹುದಾದ ಪ್ರಾಯಶ್ಚಿತ್ತ ಅಷ್ಟು.